ಒಂದೇ ಚೆಲ್ಲೊ ಕಾನ್ಸರ್ಟೊ, ಎರಡು ಬೊಕ್ಕೆರೀನಿ

ಸಂಗೀತ ರಚನಕಾರ ಬೊಕ್ಕೆರೀನಿ ಅಂದರೆ ಹೆಚ್ಚಿನವರಿಗೆ ಒಂದೇ ಒಂದು ಮಿನುಯೆಟ್, ಅಂದರೆ ಮೂರು ಎಣಿಕೆಯ ಒಂದು ಕುಣಿತದ ಧಾಟಿ. ಹೆಸರು ಗೊತ್ತಿಲ್ಲದವರೂ ಆ ಧಾಟಿ ಕೇಳಿರುತ್ತಾರೆ. 1743ರಲ್ಲಿ ಇಟಲಿಯ ಲುಕ್ಕಾದಲ್ಲಿ ಹುಟ್ಟಿ, 1805ರಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡವನು. ಕೂತು ನುಡಿಸುವ ದೊಡ್ಡ ಪಿಟೀಲಿನಂಥ ಚೆಲ್ಲೊದಲ್ಲಿ ಸ್ವತಃ ದೊಡ್ಡ ವಾದಕ. ಅವನ ಬಿ ಫ್ಲ್ಯಾಟ್ ಮೇಜರ್ (ಇದು ಸ್ವರಶ್ರೇಣಿಯ ಹೆಸರು) ಚೆಲ್ಲೊ ಕಾನ್ಸರ್ಟೊದ, ಅಂದರೆ ಚೆಲ್ಲೊ ಮುಂದೆ, ಆರ್ಕೆಸ್ಟ್ರಾ ಹಿಂದೆ ಇರುವ ಮೂರು ಭಾಗದ ಕೃತಿಯ, ಎರಡು ರೆಕಾರ್ಡಿಂಗ್ ಇಟ್ಟುಕೊಂಡು, ಒಂದು ವಾರ ರಾತ್ರಿ ಊಟ ಆದಮೇಲೆ ಹೆಡ್‌ಫೋನ್ ಹಾಕಿ ಬದಲಿಸಿ ಬದಲಿಸಿ ಕೇಳಿದೆ.

ಒಂದು, ಜಾಕ್ಲಿನ್ ಡು ಪ್ರೇ 1967ರಲ್ಲಿ ಇಂಗ್ಲಿಷ್ ಚೇಂಬರ್ ಆರ್ಕೆಸ್ಟ್ರಾ ಜೊತೆ ನುಡಿಸಿದ್ದು. ನಡೆಸಿದವರು ಡೇನಿಯಲ್ ಬಾರೆನ್‌ಬಾಯ್ಮ್. ಇನ್ನೊಂದು, ಮೊರೀಸ್ ಜಾಂಡ್ರೋ 1960ರಲ್ಲಿ ನುಡಿಸಿದ್ದು. ಅದರಲ್ಲಿ ಲಾಮುರೂ ಆರ್ಕೆಸ್ಟ್ರಾ ನಡೆಸಿದವರು, ಸ್ವತಃ ಚೆಲ್ಲೊ ದಿಗ್ಗಜರಾದ ಪಾಬ್ಲೊ ಕಸಾಲ್ಸ್!

ಎರಡರ ಮೇಲೂ ಒಂದೇ ಹೆಸರು. ಆದರೆ ಒಳಗಿರುವುದು ಬೇರೆ ಬೇರೆ. 1895ರಲ್ಲಿ ಗ್ರುಟ್ಸ್‌ಮಾಖರ್ ಎಂಬ ಜರ್ಮನ್ ಚೆಲ್ಲೊ ವಾದಕ ಈ ಕಾನ್ಸರ್ಟೊವನ್ನು ತನ್ನ ಕಾಲದ ರುಚಿಗೆ ತಕ್ಕಂತೆ ತಿದ್ದಿ ಅಚ್ಚು ಹಾಕಿಸಿದ. ಬೊಕ್ಕೆರೀನಿಯ ಬೇರೆ ಕಾನ್ಸರ್ಟೊಗಳಿಂದ ತುಣುಕು ತಂದು ಸೇರಿಸಿದ. ನಡುವಿನ ನಿಧಾನ ಭಾಗವನ್ನಂತೂ ಪೂರ್ತಿ ತೆಗೆದು, ಜಿ ಮೇಜರ್ ಕಾನ್ಸರ್ಟೊದ ನಿಧಾನ ಭಾಗವನ್ನು ಅಲ್ಲಿಟ್ಟ. ಒಂದು ಕೃತಿಯ ಪಲ್ಲವಿಗೆ ಇನ್ನೊಂದರ ಚರಣ ಅಂಟಿಸಿದ ಹಾಗೆ. ಲೋಕವೆಲ್ಲ ಬಹಳ ವರ್ಷ ಇದನ್ನೇ ಬೊಕ್ಕೆರೀನಿ ಅಂದುಕೊಂಡು ನುಡಿಸಿತು. ಡು ಪ್ರೇ ನುಡಿಸಿದ್ದೂ ಇದನ್ನೇ. ಜಾಂಡ್ರೋ ಡ್ರೆಸ್ಡೆನ್‌ನಲ್ಲಿದ್ದ ಹಸ್ತಪ್ರತಿ ಹಿಡಿದು ಮೂಲಕ್ಕೆ ಹೋದರು.

ಸುಮ್ನೆ ಪಕ್ಷ ವಹಿಸಿ ಮಾತಾಡುವುದು ಸುಲಭ. ಆದರೆ ಡು ಪ್ರೇ ನಿಧಾನ ಭಾಗ ಶುರು ಮಾಡಿದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು. ಒಂದೊಂದು ಸ್ವರವನ್ನೂ ಬಿಲ್ಲು ಒತ್ತಿ ಎಳೆಯುತ್ತಾರೆ. ದುಃಖ ಎದೆಯಿಂದ ನೇರ ಬರುತ್ತದೆ. ಆಗ ಅವರಿಗೆ 22 ವರ್ಷ.

ಜಾಂಡ್ರೋದಲ್ಲಿ ಅದೇ ಜಾಗದಲ್ಲಿ ದುಃಖವೇ ಇಲ್ಲ. ಬೊಕ್ಕೆರೀನಿ ಅಲ್ಲಿ ಬರೆದದ್ದು ಹಗುರವಾದ, ಮೆಲ್ಲಗೆ ಹೆಜ್ಜೆ ಹಾಕುವ ಮೇಜರ್ ಧಾಟಿ. ಮೊದಲ ಸಲ ಸಪ್ಪೆ ಅನಿಸಿತು, ನಿಜ. ಮೂರನೇ ರಾತ್ರಿ ಬೇರೆಯದೇ ಕೇಳಿಸಿತು. ಚೆಲ್ಲೊ ಮೇಲಿನ ಸ್ವರಗಳಿಗೆ ಹತ್ತಿದಾಗಲೂ ಗಂಟಲು ಬಿಗಿಯುವುದಿಲ್ಲ, ಪಿಟೀಲಿನ ಹಾಗೆ ಹಾಡುತ್ತದೆ. ಹಿಂದಿನ ವಾದ್ಯಗಳು ಅದಕ್ಕೆ ದಾರಿ ಬಿಟ್ಟು ನಿಲ್ಲುತ್ತವೆ. ತನ್ನ ಬೆರಳಿಗೆ ಏನು ಬರುತ್ತದೆ ಅಂತ ಗೊತ್ತಿದ್ದವನು ಬರೆದ ಸಂಗೀತ ಇದು. ಒಂದು ಮತ್ತು ಮೂರನೇ ಭಾಗಗಳ ನಡುವೆ ಇದೇ ಸರಿಯಾಗಿ ಕೂರುತ್ತದೆ. ಆ ದುಃಖದ ಭಾಗ ಬಂದರೆ ಕಾನ್ಸರ್ಟೊ ನಡುವೆ ಮುರಿದ ಹಾಗಾಗುತ್ತದೆ.

ಹಾಗಂತ ಆ ಭಾಗವನ್ನು ಬಿಡಬೇಕಿಲ್ಲ. ಅದರ ಸ್ವಂತ ಮನೆಯಲ್ಲೇ, ಅಂದರೆ ಜಿ ಮೇಜರ್ ಕಾನ್ಸರ್ಟೊದಲ್ಲೇ ಕೇಳಬಹುದು. ಆನ್ನರ್ ಬೈಲ್ಸ್ಮಾ ಅದನ್ನು ನುಡಿಸಿದ್ದಾರೆ. ಡು ಪ್ರೇಯಷ್ಟು ಕಣ್ಣೀರಿಲ್ಲ, ಮಾತಾಡಿದಂತೆ ನುಡಿಸುತ್ತಾರೆ. ನನಗೆ ಈಗ ಅದೇ ಜಾಸ್ತಿ ಇಷ್ಟ.

ಬೊಕ್ಕೆರೀನಿಯ ಒಂದು ಸಿಂಫನಿಯನ್ನೂ, ಅಂದರೆ ಇಡೀ ಆರ್ಕೆಸ್ಟ್ರಾಗೆ ಬರೆದ ಕೃತಿಯನ್ನೂ, ಹೀಗೇ ಎರಡು ರೆಕಾರ್ಡಿಂಗ್‌ನಲ್ಲಿ ಕೇಳಿದೆ; ಅಲ್ಲಿ ತೀರ್ಮಾನಕ್ಕೆ ಇಷ್ಟು ದಿನ ಬೇಕಾಗಲಿಲ್ಲ. 1771ರ ಡಿ ಮೈನರ್ ಸಿಂಫನಿಗೆ 'ದೆವ್ವದ ಮನೆ' ಅಂತಲೇ ಹೆಸರು. ಕೊನೆಯ ಭಾಗ ಗ್ಲುಕ್ ಎಂಬ ರಚನಕಾರನ 'ಡಾನ್ ಹುವಾನ್' ಬ್ಯಾಲೆ ನೃತ್ಯದಲ್ಲಿ ಬರುವ ನರಕದ ಕುಣಿತವನ್ನು ಅನುಸರಿಸಿದ್ದು. ರೇಮಂಡ್ ಲೆಪರ್ಡ್ ನಡೆಸಿದ ನ್ಯೂ ಫಿಲ್‌ಹಾರ್ಮೋನಿಯಾ ರೆಕಾರ್ಡಿಂಗ್‌ನಲ್ಲಿ ದನಿ ದುಂಡಗೆ, ತುಂಬಿಕೊಂಡು ಬರುತ್ತದೆ. ಕೇಳಲು ಹಿತ. ಆದರೆ ನರಕ ಹಿತವಾಗಿದ್ದರೆ ಹೇಗೆ? ಜೊವಾನಿ ಆಂತೊನೀನಿಯವರ ಇಲ್ ಜಾರ್ದೀನೊ ಆರ್ಮೋನಿಕೊ ತಂಡ ಹಳೇ ಕಾಲದ ವಾದ್ಯಗಳಲ್ಲಿ ನುಡಿಸಿದ್ದನ್ನು ಕೇಳಿ. ಮೊದಲ ಭಾಗದ ಆರಂಭದ ನಿಧಾನದ ಸಾಲುಗಳು ಕೊನೆಯ ಭಾಗದ ಬಾಗಿಲಲ್ಲಿ ಮತ್ತೆ ಬರುತ್ತವೆ. ಆಗಲೇ ಏನೋ ಕಾದಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಬಿಲ್ಲುಗಳು ತಂತಿಯನ್ನು ಕಚ್ಚುತ್ತವೆ, ಕೊಂಬುಗಳು ಕೂಗುತ್ತವೆ.

ಇದನ್ನು ಬರೆದವನನ್ನೇ ಒಬ್ಬ ಪಿಟೀಲು ವಾದಕ 'ಹೈಡನ್‌ನ ಹೆಂಡತಿ' ಅಂತ ಕರೆದಿದ್ದನಂತೆ, ಅದೇ ಕಾಲದ ದೊಡ್ಡ ರಚನಕಾರ ಹೈಡನ್‌ಗಿಂತ ಮೃದು ಅನ್ನುವ ಅರ್ಥದಲ್ಲಿ. ಮಿನುಯೆಟ್ ಒಂದನ್ನೇ ಕೇಳಿದವರು ಇವತ್ತೂ ಹಾಗೇ ಅಂದುಕೊಂಡಿರುತ್ತಾರೆ, ಅಲ್ವಾ? ಅವರಿಗೆ ನಾನು ಮೊದಲು ಕೊಡುವುದು ಆಂತೊನೀನಿಯವರ ಈ ಕೊನೆಯ ಭಾಗವನ್ನು. ಮಾರನೇ ದಿನ, ಜಾಂಡ್ರೋ.