ಆಕ್ಸೊಲಾಟಲ್ ಗೊಂಬೆಯ ಕ್ರೋಶೆ ಪ್ಯಾಟರ್ನ್‌ಗಳು: ಹಲವು ವರ್ಷ ಹೆಣೆದ ಮೇಲೆ ಬರೆದದ್ದು

ಆಕ್ಸೊಲಾಟಲ್ ಅಂದರೆ ನೀರಲ್ಲೇ ಬಾಳುವ, ಹಲ್ಲಿಯಂಥ ಮೈಯ ಉಭಯಚರ. ಅದರ ಗೊಂಬೆಯನ್ನು ಕ್ರೋಶೆಯಲ್ಲಿ, ಅಂದರೆ ಕೊಕ್ಕೆ ಕಡ್ಡಿಯಲ್ಲಿ, ಹೆಣೆಯೋಕೆ ಪ್ಯಾಟರ್ನ್ (ಹೆಣಿಗೆಯ ಹೆಜ್ಜೆಗಳನ್ನು ಬರೆದಿಟ್ಟ ಸೂಚನೆ) ಕೊಳ್ಳುವ ಮುಂಚೆ ನಾನು ಮೊದಲು ನೋಡುವುದು ಕಿವಿರು. ಮುಖ ಮುದ್ದಾಗಿದೆಯಾ, ಬಣ್ಣ ಚೆನ್ನಾಗಿದೆಯಾ ಅನ್ನೋದೆಲ್ಲ ಆಮೇಲೆ. ಈ ಪ್ರಾಣಿಗೆ ತಲೆಯ ಒಂದೊಂದು ಬದಿಗೆ ಮೂರರಂತೆ ಆರು ಕಿವಿರು ಹೊರಗೇ ಇರುತ್ತವೆ. ಗೊಂಬೆ ಕೈಗೆ ಸಿಕ್ಕ ಮಗು ಹಿಡಿದು ಎತ್ತುವುದೂ ಅವುಗಳನ್ನೇ. ಗೊಂಬೆ ಎಷ್ಟು ದಿನ ಬಾಳುತ್ತದೆ ಅನ್ನೋದು ಅಲ್ಲೇ ತೀರ್ಮಾನವಾಗುತ್ತದೆ.

ಕೆಲವು ಪ್ಯಾಟರ್ನ್‌ಗಳಲ್ಲಿ ಆರನ್ನೂ ಬಿಡಿಬಿಡಿಯಾಗಿ ಹೆಣೆದು ಒಂದೊಂದಾಗಿ ಹೊಲಿಯಬೇಕು. ನೋಡೋಕೆ ಚೆಂದ. ಆದರೆ ಬುಡ ಸಣ್ಣದಾದ್ದರಿಂದ ಎಳೆದಾಟಕ್ಕೆ ಬೇಗ ಸಡಿಲವಾಗುತ್ತದೆ. ನನಗೆ ತುಂಬಾ ಹಿಡಿಸಿದ್ದು ದಾರ ಕತ್ತರಿಸದೆ ಮೂರನ್ನೂ ಒಂದೇ ಪಟ್ಟಿಯಾಗಿ ಹೆಣೆಯುವ ವಿಧಾನ. 7 ಚೈನ್ (ಸರಪಳಿಯಂತೆ ಸಾಗುವ ಕುಣಿಕೆ) ಹಾಕಿ, ಕಡ್ಡಿಯಿಂದ ಎರಡನೇ ಚೈನ್‌ನಲ್ಲಿ ಶುರುಮಾಡಿ 6 ಸಿಂಗಲ್ ಕ್ರೋಶೆ (ಗಿಡ್ಡನೆಯ ಸರಳ ಹೊಲಿಗೆ) ಹೆಣೆಯುತ್ತಾ ವಾಪಸ್ ಬರುವುದು, ಅಲ್ಲಿಂದಲೇ ಮುಂದಿನ 7 ಚೈನ್. ಪ್ರತಿ ಚೈನ್‌ಗೂ ಎರಡೆರಡು ಹೊಲಿಗೆ ಹಾಕಿದರೆ ಕಿವಿರು ತಾನಾಗಿಯೇ ಸುರುಳಿಯಾಗುತ್ತದೆ. ಪಟ್ಟಿಯ ಉದ್ದಕ್ಕೂ ಹೊಲಿಯುವುದರಿಂದ ಹಿಡಿತ ಗಟ್ಟಿ, ತೊಳೆದರೂ ಅಲುಗಾಡುವುದಿಲ್ಲ.

ಸೂಜಿಯಲ್ಲಿ ಹೊಲಿದು ಸೇರಿಸುವ ಕೆಲಸವೇ ಇಲ್ಲದೆ, ತಲೆಯ ಸುತ್ತಿನಲ್ಲೇ ಕಿವಿರು ಹೆಣೆದುಕೊಂಡು ಹೋಗುವ ಪ್ಯಾಟರ್ನ್‌ಗಳೂ ಇವೆ. ಗಟ್ಟಿತನದಲ್ಲಿ ಇವನ್ನು ಮೀರಿಸುವುದು ಯಾವುದೂ ಇಲ್ಲ. ಆದರೆ ತಿಳಿಗುಲಾಬಿ ಮೈ, ಕೆಂಪು ಕಿವಿರು ಬೇಕು ಅಂದರೆ ಪ್ರತಿ ಕಿವಿರಿಗೂ ದಾರ ಬದಲಿಸಬೇಕು. ಒಂದೇ ಬಣ್ಣದಲ್ಲಿ ಮುಗಿಸೋಣ ಅನ್ನುವವರಿಗೆ ಮಾತ್ರ ಇದು ಸುಲಭ.

ಎರಡನೆಯದು ತಲೆಯ ಆಕಾರ. ಮ್ಯಾಜಿಕ್ ರಿಂಗ್‌ನಲ್ಲಿ (ಎಳೆದು ಬಿಗಿಸುವ ದಾರದ ಉಂಗುರ) 6 ಹೊಲಿಗೆ, ಆಮೇಲೆ 12, 18, 24 ಅಂತ ಹೆಚ್ಚಿಸುತ್ತಾ ಹೋದರೆ ದುಂಡು ಚೆಂಡು ಸಿಗುತ್ತದೆ. ಅದಕ್ಕೆ ಕಿವಿರು ಅಂಟಿಸಿದರೆ ಕರಡಿಮರಿಗೆ ವೇಷ ಹಾಕಿದ ಹಾಗೆ ಕಾಣುತ್ತದೆ. ನಿಜವಾದ ಆಕ್ಸೊಲಾಟಲ್ ತಲೆ ಅಗಲ, ಚಪ್ಪಟೆ. ಚಿಕ್ಕ ಚೈನ್ ಹಾಕಿ ಅದರ ಎರಡೂ ಬದಿಗೆ ಹೆಣೆದು ಮೊಟ್ಟೆಯಾಕಾರದಲ್ಲಿ ಶುರುಮಾಡುವ ಪ್ಯಾಟರ್ನ್ ಸಿಕ್ಕರೆ ಬಿಡಬೇಡಿ. ಕಣ್ಣು ಸಣ್ಣದು, ಒಂದಕ್ಕೊಂದು ದೂರ ಇರಬೇಕು. ಯಾವ ಸುತ್ತಿನಲ್ಲಿ, ಎಷ್ಟು ಹೊಲಿಗೆ ಬಿಟ್ಟು ಅಂತ ಲೆಕ್ಕ ಕೊಟ್ಟಿರಬೇಕು. "ಇಷ್ಟಬಂದ ಕಡೆ ಕೂರಿಸಿ" ಅಂದರೆ ಅದು ಅರ್ಧ ಪ್ಯಾಟರ್ನ್ ಅಷ್ಟೇ. ಮೂರು ವರ್ಷದೊಳಗಿನ ಮಕ್ಕಳಿಗಾದರೆ ಪ್ಲಾಸ್ಟಿಕ್ ಕಣ್ಣು ಬೇಡವೇ ಬೇಡ, ದಾರದಲ್ಲೇ ಕಸೂತಿ ಹಾಕಿ.

ಪ್ರತಿ ಸಾಲಿನ ಕೊನೆಗೆ ಒಟ್ಟು ಹೊಲಿಗೆಯ ಸಂಖ್ಯೆ ಇದೆಯಾ ನೋಡಿ. ಅಮೆರಿಕದ ಪದವಾ, ಬ್ರಿಟನ್ನಿನದಾ ಅಂತಲೂ ನೋಡಿ. ಅಮೆರಿಕದವರ ಸಿಂಗಲ್ ಕ್ರೋಶೆಯೇ ಬ್ರಿಟನ್ನಿನವರ ಡಬಲ್ ಕ್ರೋಶೆ. ಇದು ಅದಲುಬದಲಾದರೆ ಹೆಣಿಗೆ ಎತ್ತರವಾಗಿ, ಸಂದಿಯಲ್ಲಿ ತುಂಬಿದ ಹತ್ತಿ ಇಣುಕುತ್ತದೆ. ದುಡ್ಡು ಕೊಟ್ಟ ಪ್ಯಾಟರ್ನ್ ಅಂತ ಇದೆಲ್ಲ ಇರುತ್ತದೆ ಅಂದುಕೊಳ್ಳಬೇಡಿ. ಉಚಿತವಾಗಿ ಸಿಕ್ಕವುಗಳಲ್ಲೂ ಎಷ್ಟೋ ಅಚ್ಚುಕಟ್ಟಾಗಿವೆ. ಬೇರೆಯವರು ಹೆಣೆದು ಹಾಕಿದ ಫೋಟೋ, ಅದರಲ್ಲೂ ಪಕ್ಕದಿಂದ ತೆಗೆದದ್ದು, ಸಿಕ್ಕರೆ ಅದನ್ನೇ ನಂಬಿ.

ವೆಲ್ವೆಟ್ ದಾರದ ಆಕ್ಸೊಲಾಟಲ್ ಈಗ ಎಲ್ಲೆಲ್ಲೂ ಕಾಣುತ್ತದೆ. ಮೆತ್ತಗಿದೆ, ಬೇಗ ಮುಗಿಯುತ್ತದೆ, ನಿಜ. ಆದರೆ ಹೊಲಿಗೆ ಕಣ್ಣಿಗೆ ಕಾಣುವುದಿಲ್ಲ, ಬೆರಳಲ್ಲೇ ತಡವಿ ಹುಡುಕಬೇಕು. ಮ್ಯಾಜಿಕ್ ರಿಂಗ್ ಬಿಗಿ ಎಳೆದರೆ ದಾರವೇ ತುಂಡಾಗಬಹುದು. ಮೊದಲ ಗೊಂಬೆಯನ್ನು ಕಾಟನ್ ದಾರದಲ್ಲಿ, ಲೇಬಲ್ ಹೇಳಿದ್ದಕ್ಕಿಂತ ಸಣ್ಣ ಕಡ್ಡಿಯಲ್ಲಿ ಹೆಣೆಯಿರಿ.

ಬಾಲದ ವಿಷಯದಲ್ಲಿ ನನ್ನ ತಕರಾರು ಇನ್ನೂ ಇದೆ. ತಲೆಯ ಹಿಂದಿನಿಂದ ಬಾಲದ ತುದಿವರೆಗೆ ಓಡುವ ಈಜುರೆಕ್ಕೆಯನ್ನು ಎಷ್ಟೋ ಪ್ಯಾಟರ್ನ್‌ಗಳು ಬಿಟ್ಟೇಬಿಡುತ್ತವೆ. ಮೈ ಮುಗಿದ ಮೇಲೆ ಬೆನ್ನಿನ ಮೇಲೆ ಒಂದು ಸಾಲು ಸ್ಲಿಪ್ ಸ್ಟಿಚ್ (ಎತ್ತರವೇ ಬಾರದ ಚಪ್ಪಟೆ ಹೊಲಿಗೆ) ಹಾಕಿ, ಅದರ ಮೇಲೆ ಒಂದು ಸಾಲು ಸಿಂಗಲ್ ಕ್ರೋಶೆ ಹೆಣೆದರೆ ಸಾಕು. ಪ್ಯಾಟರ್ನ್‌ನಲ್ಲಿ ಇಲ್ಲದಿದ್ದರೂ ನಾನು ಇದನ್ನು ಸೇರಿಸಿಕೊಳ್ಳುತ್ತೇನೆ.