ಫಿಸಿಯೋಥೆರಪಿ ಎಂದು ಬೋರ್ಡು, ಒಳಗೆ ಬರೀ ಮಾಲೀಸು: ಬಳ್ಳಾರಿಯಲ್ಲಿ ಕುತ್ತಿಗೆ ನೋವಿನವರು ಎಚ್ಚರ ವಹಿಸಿ

ಬಳ್ಳಾರಿಯಲ್ಲಿ ಕುತ್ತಿಗೆ ನೋವು, ಭುಜದ ನೋವು ಎಂದು ನರಳುತ್ತಿರುವವರು, ಅದರಲ್ಲೂ ಜೀನ್ಸ್ ಘಟಕಗಳಲ್ಲಿ ದಿನವಿಡೀ ಮಷಿನ್ ಮೇಲೆ ಬಗ್ಗಿ ಕೂರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಫಿಸಿಯೋಥೆರಪಿ ಎಂದು ದೊಡ್ಡದಾಗಿ ಬೋರ್ಡು ಹಾಕಿಕೊಂಡು, ಒಳಗೆ ಬರೀ ಮಾಲೀಸು ಮಾಡಿ, ಸಾವಿರಾರು ರೂಪಾಯಿಯನ್ನು ಮೊದಲೇ ಕಟ್ಟಿಸಿಕೊಂಡು, ಪ್ರಶ್ನೆ ಕೇಳಿದರೆ ರೋಗಿಯ ಮೇಲೆಯೇ ರೇಗುವ ಕೇಂದ್ರವೊಂದು ನನಗೆ ಮೋಸ ಮಾಡಿದೆ. ದೂರು ಕೊಟ್ಟಿದ್ದೇನೆ, ಅದು ಇತ್ಯರ್ಥವಾಗುವವರೆಗೆ ಆ ಕೇಂದ್ರದ ಹೆಸರನ್ನು ಬರೆಯುವುದು ಸರಿಯಲ್ಲ. ಆದರೆ ಅವರ ವರಸೆ ಎಂಥದ್ದು ಎಂಬುದನ್ನು ಬಿಡದೆ ಬರೆಯುತ್ತೇನೆ. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಾಚಿಕೆಪಡಬೇಕಾದವರು ನಾನಲ್ಲ, ಅವರು.

ನಾನು ಜೀನ್ಸ್ ಘಟಕವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಒಂದು ಕಡೆ ಕಂಪ್ಯೂಟರ್, ಇನ್ನೊಂದು ಕಡೆ ಬಿಲ್ಲುಗಳ ಕಟ್ಟು, ಕುತ್ತಿಗೆ ಬೆಳಗಿನಿಂದ ಸಂಜೆಯವರೆಗೂ ಬಗ್ಗಿಯೇ ಇರುತ್ತದೆ. ಹಲವು ವರ್ಷಗಳಿಂದ ಇದ್ದ ನೋವು ಕಳೆದ ಬೇಸಿಗೆಯಲ್ಲಿ ಬಲಭುಜಕ್ಕೆ ಇಳಿದು, ಹೆಬ್ಬೆರಳು ಮತ್ತು ತೋರುಬೆರಳು ಜುಮುಗುಡತೊಡಗಿದಾಗ ಎಲುಬಿನ ವೈದ್ಯರಲ್ಲಿಗೆ ಹೋದೆ. ಅವರು ಎಕ್ಸ್‌ರೇ ತೆಗೆಸಿ ನೋಡಿ, ವಯಸ್ಸಿಗೆ ತಕ್ಕ ಸವೆತವಿದೆ, ಹೆದರುವಂಥದ್ದೇನಿಲ್ಲ, ಆಪರೇಷನ್ ಮಾತೇ ಬೇಡ, ಫಿಸಿಯೋಥೆರಪಿ ಮಾಡಿಸಿಕೊಳ್ಳಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿಯನ್ನು ಹಿಡಿದುಕೊಂಡೇ ನಾನು ಈ ಕೇಂದ್ರಕ್ಕೆ ಹೋದದ್ದು. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಣ ವಾಪಸ್ ಕೇಳಿದಾಗ ಅವರು, ನೀವೇ ಮಾಲೀಸು ಬೇಕೆಂದು ಬಂದಿರಿ ಎಂದು ಮುಖಕ್ಕೆ ಹೇಳಿದರು. ನಾನು ಮಾಲೀಸು ಕೇಳಿಕೊಂಡು ಹೋಗಿರಲಿಲ್ಲ.

ಒಳಗೆ ಹೋದ ತಕ್ಷಣ ಯಾರಿಗಾದರೂ ನಂಬಿಕೆ ಬರುವಂತೆಯೇ ಎಲ್ಲವನ್ನೂ ಜೋಡಿಸಿಟ್ಟಿದ್ದಾರೆ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನೆಲುಬು, ಗೋಡೆಯ ಮೇಲೆ ನರಗಳ ಚಿತ್ರಪಟ, ಬಿಳಿ ಕೋಟು ಹಾಕಿಕೊಂಡ ಒಬ್ಬರು. ಕೌಂಟರಿನ ಹುಡುಗಿ ಅವರನ್ನು ‘ಡಾಕ್ಟರ್ ಸರ್’ ಎಂದೇ ಕರೆಯುತ್ತಾಳೆ. ಅವರು ನನ್ನ ಎಕ್ಸ್‌ರೇಯನ್ನು ಟ್ಯೂಬ್‌ಲೈಟಿಗೆ ಹಿಡಿದು, ಪೆನ್ನಿನ ತುದಿಯಿಂದ ಕುತ್ತಿಗೆಯ ಐದನೇ, ಆರನೇ ಎಲುಬುಗಳ (ಸಿ-5, ಸಿ-6) ನಡುವಿನದೆಂದು ಒಂದು ಜಾಗ ತೋರಿಸಿ ಹೇಳಿದ ಮಾತು ನನಗೆ ಅಕ್ಷರಕ್ಷರವೂ ನೆನಪಿದೆ: “ನೋಡ್ರಿ ಮೇಡಂ, ಸಿ-5 ಸಿ-6 ನಡುವೆ ಗ್ಯಾಪ್ ಹೋಗಿಬಿಟ್ಟೈತಿ. ನರ ಸಿಕ್ಕಾಕ್ಕೊಂಡೈತಿ. ಈಗ ಬಂದಿದ್ದು ಪುಣ್ಯ. ಇನ್ನಾರು ತಿಂಗಳು ಬಿಟ್ಟಿದ್ರೆ ಕೈ ಬಿದ್ದೇ ಹೋಗ್ತಿತ್ತು, ಆಪರೇಷನ್ ಮಾಡಿಸಿದ್ರೂ ಗ್ಯಾರಂಟಿ ಇಲ್ಲ.” ಹೆದರುವಂಥದ್ದೇನಿಲ್ಲ ಎಂದು ವೈದ್ಯರು ಹೇಳಿದ್ದರಲ್ಲ ಎಂದರೆ, “ಅವರು ಮಾತ್ರೆ ಕೊಡೋರು, ನರದ ವಿಷಯ ನಮಗೆ ಗೊತ್ತು” ಎಂಬ ಉತ್ತರ ಬಂತು. ಕೈ ಬಿದ್ದುಹೋಗುತ್ತದೆ ಎಂಬ ಮಾತು ಕೇಳಿದರೆ, ಬರೆಯುವ ಕೈಯನ್ನೇ ನಂಬಿ ಬದುಕುವವರ ಎದೆ ಝಲ್ಲೆನ್ನದೆ ಇರುತ್ತದೆಯೇ?

ಅಷ್ಟು ಹೆದರಿಸಿದವರು ನನ್ನ ಕುತ್ತಿಗೆಯನ್ನು ಮುಟ್ಟಿ ನೋಡಲಿಲ್ಲ. ಎಷ್ಟು ತಿರುಗುತ್ತದೆ, ಎಲ್ಲಿ ತಿರುಗಿದರೆ ನೋವು, ಬೆರಳಿನ ಹಿಡಿತ ಹೇಗಿದೆ ಎಂದು ಒಂದೂ ಕೇಳಲಿಲ್ಲ. ನೇರವಾಗಿ ಪ್ಯಾಕೇಜಿನ ಮಾತಿಗೆ ಬಂದರು. ಬಿಡಿಯಾಗಿ ಒಂದು ಸಿಟ್ಟಿಂಗಿಗೆ 1,200 ರೂಪಾಯಿ, ಇಪ್ಪತ್ತು ಸಿಟ್ಟಿಂಗ್ ಒಟ್ಟಿಗೆ ಕಟ್ಟಿದರೆ 18,000, ಅದೂ ಆ ದಿನವೇ ಕಟ್ಟಿದರೆ ಮಾತ್ರ. ಫೋನ್‌ಪೇ ಮಾಡಿದಾಗ ಪರದೆಯ ಮೇಲೆ ಬಂದದ್ದು ಕೇಂದ್ರದ ಹೆಸರಲ್ಲ, ಯಾರದೋ ಖಾಸಗಿ ಹೆಸರು. ಬಿಲ್ ಕೇಳಿದರೆ ಅಂಗೈಯಗಲದ ಒಂದು ಗುಲಾಬಿ ಚೀಟಿಯಲ್ಲಿ ಮೊತ್ತ ಬರೆದು ಕೊಟ್ಟರು. ಅದರಲ್ಲಿ ನೋಂದಣಿ ಸಂಖ್ಯೆ ಇಲ್ಲ, ವಿಳಾಸವಿಲ್ಲ, ಯಾವ ಚಿಕಿತ್ಸೆಗೆ ಎಂಬುದೂ ಇಲ್ಲ. ಸರಿಯಾದ ಬಿಲ್ ಎಲ್ಲಿ ಎಂದರೆ, “ಪ್ಯಾಕೇಜ್ ಮುಗಿದ ಮೇಲೆ ಒಟ್ಟಿಗೆ ಕೊಡ್ತೀವಿ ಮೇಡಂ” ಎಂದರು. ಆ ಬಿಲ್ಲು ಇವತ್ತಿನವರೆಗೂ ಬಂದಿಲ್ಲ.

ಚಿಕಿತ್ಸೆ ಎಂದರೆ ಏನು ಗೊತ್ತೇ? ಸ್ವಲ್ಪ ಹೊತ್ತು ಶಾಖ, ಸ್ವಲ್ಪ ಹೊತ್ತು ಕರೆಂಟ್ ಪ್ಯಾಡ್, ಆಮೇಲೆ ಎಣ್ಣೆ ಹಚ್ಚಿ ತೀಡುವುದು. ಮೊದಮೊದಲು ಈ ಮೂರೂ ಇದ್ದವು. ಬರುಬರುತ್ತಾ ಕರೆಂಟಿನ ಮಷಿನ್ ರಿಪೇರಿಗೆ ಹೋಯಿತು, ಶಾಖದ ಹೊತ್ತು ಕಡಿಮೆಯಾಯಿತು, ಉಳಿದದ್ದು ತೀಡುವುದೊಂದೇ. ತೀಡಲು ಹೆಂಗಸರಿದ್ದಾರೆ ಎಂದು ಮೊದಲ ದಿನ ಹೇಳಿದ್ದರು. ಕೇಳಿದಾಗಲೆಲ್ಲ ‘ಅಕ್ಕ ಇವತ್ತು ರಜೆ’ ಎಂದು ಒಬ್ಬ ಹುಡುಗನನ್ನೇ ಕಳಿಸುತ್ತಿದ್ದರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲಿ ಕಲಿತೆಯಪ್ಪಾ ಎಂದು ಕೇಳಿದ್ದಕ್ಕೆ, ಮೊದಲು ಸ್ಪಾದಲ್ಲಿ ಕೆಲಸಕ್ಕಿದ್ದೆ, ಇಲ್ಲಿ ಬಂದು ಎರಡು ತಿಂಗಳಾಯಿತು ಅಕ್ಕಾ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಫಿಸಿಯೋಥೆರಪಿ ಪದವಿಯೆಂದರೆ ಇಂಟರ್ನ್‌ಶಿಪ್ಪೂ ಸೇರಿ ನಾಲ್ಕು ವರ್ಷಕ್ಕೂ ಹೆಚ್ಚಿನ ಓದು. ಆ ಓದಿನ ಹೆಸರು ಬೋರ್ಡಿನ ಮೇಲೆ, ಕುತ್ತಿಗೆಯ ಮೇಲೆ ಎರಡು ತಿಂಗಳ ಕೈ. ಬಿಳಿ ಕೋಟಿನವರು ಮೊದಲ ದಿನದ ನಂತರ ನನ್ನ ಹತ್ತಿರ ಬಂದದ್ದು ಒಂದೇ ಬಾರಿ, ಅದರ ಕಥೆ ಮುಂದೆ ಹೇಳುತ್ತೇನೆ.

ಮಾಲೀಸಿನಿಂದ ಹಾಯೆನಿಸುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ತೀಡಿಸಿಕೊಂಡು ಬಂದ ದಿನ ಸ್ನಾಯು ಸಡಿಲವಾಗಿ ರಾತ್ರಿ ನಿದ್ದೆ ಬರುತ್ತಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ನೋವು ಮತ್ತೆ ಅಲ್ಲಿಗೇ. ಹಳೆಯ ಕುತ್ತಿಗೆ ನೋವಿಗೆ ತೀಡುವುದು ತಾತ್ಕಾಲಿಕ ಉಪಶಮನ, ದಿನವೂ ಮಾಡುವ ವ್ಯಾಯಾಮದಿಂದ ಸ್ನಾಯು ಗಟ್ಟಿಯಾದರೆ ನೋವು ಹೆಚ್ಚು ಕಾಲ ಹತೋಟಿಯಲ್ಲಿರುತ್ತದೆ. ವ್ಯಾಯಾಮ ಹೇಳಿಕೊಡಿ ಎಂದು ಕೇಳಿಕೇಳಿ ಸಾಕಾಯಿತು. “ಈಗಲೇ ಎಕ್ಸರ್‌ಸೈಜ್ ಮಾಡಿದ್ರೆ ನರ ಹರಿತೈತಿ, ಎರಡನೇ ಪ್ಯಾಕೇಜಿನಾಗ ಹೇಳಿಕೊಡ್ತೀವಿ” ಎಂದರು. ಎರಡನೇ ಪ್ಯಾಕೇಜು! ರೋಗಿ ಮನೆಯಲ್ಲೇ ಮಾಡಿಕೊಳ್ಳುವುದನ್ನು ಕಲಿತುಬಿಟ್ಟರೆ ಮತ್ತೆ ಬರುವುದಿಲ್ಲ, ಅದಕ್ಕೇ ಕಲಿಸುವುದಿಲ್ಲ. ನನಗೆ ಇವತ್ತಿಗೂ ಅತಿ ಹೆಚ್ಚು ಹೊಟ್ಟೆ ಉರಿಯುವುದು ಈ ಮಾತಿಗೆ.

ನೋವು ಕಡಿಮೆಯಾಗುತ್ತಿಲ್ಲ ಎಂದು ಜೋರಾಗಿ ಹೇಳಿದ ದಿನ ಬಿಳಿ ಕೋಟಿನವರು ಬಂದರು. ನನ್ನ ತಲೆಯ ಹಿಂದೆ ನಿಂತು, ಸಡಿಲ ಬಿಡಿ ಎಂದು ಹೇಳುತ್ತಿದ್ದ ಹಾಗೆಯೇ, ಒಂದು ಕೈ ಗದ್ದಕ್ಕೆ, ಒಂದು ಕೈ ತಲೆಗೆ ಕೊಟ್ಟು ಥಟ್ಟನೆ ತಿರುಗಿಸಿಬಿಟ್ಟರು. ಲಟಕ್ಕೆಂದಿತು. ಕೇಳಲಿಲ್ಲ, ಹೇಳಲಿಲ್ಲ, ಏನು ಮಾಡುತ್ತೇನೆಂದು ಒಂದು ಮಾತು ತಿಳಿಸಲಿಲ್ಲ. ಆ ರಾತ್ರಿ ತಲೆ ಸುತ್ತಿ ವಾಂತಿ ಬರುವಂತಾಗಿ ನಮ್ಮ ಮನೆಯವರು ಗಾಬರಿಯಾದರು. ಬೆಳಿಗ್ಗೆ ಫೋನ್ ಮಾಡಿ ತಿಳಿಸಿದರೆ ಬಂದ ಉತ್ತರ: “ನೋವು ಜಾಸ್ತಿ ಆಯ್ತಂದ್ರೆ ಟ್ರೀಟ್‌ಮೆಂಟ್ ಹಿಡಿತೈತಿ ಅಂತ ಅರ್ಥ ಮೇಡಂ, ಖುಷಿಪಡ್ರಿ.” ಕುತ್ತಿಗೆಯಲ್ಲಿ ಬರೀ ಎಲುಬು, ನರಗಳಷ್ಟೇ ಇರುವುದಿಲ್ಲ, ಮೆದುಳಿಗೆ ರಕ್ತ ಒಯ್ಯುವ ನಾಳಗಳೂ ಅಲ್ಲಿಂದಲೇ ಹೋಗುತ್ತವೆ. ಥಟ್ಟನೆ ತಿರುಗಿಸಿದಾಗ ಅಪರೂಪಕ್ಕಾದರೂ ಆ ನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿಯಬಹುದು. 2024ರಲ್ಲಿ ನಮ್ಮ ಬಳ್ಳಾರಿಯ ಯುವಕರೊಬ್ಬರಿಗೆ ಕ್ಷೌರದಂಗಡಿಯಲ್ಲಿ ತಲೆ ಮಾಲೀಸು ಮಾಡಿ ಕುತ್ತಿಗೆ ತಿರುಗಿಸಿದ ಮೇಲೆ ಹೀಗೆಯೇ ಆಗಿ, ಬೆಂಗಳೂರಿನ ಆಸ್ಪತ್ರೆಗೆ ದಾಖಲಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ಊರಿನದೇ ಸುದ್ದಿ. ಅದನ್ನು ನೆನಪಿಸಿದರೆ, “ಅದು ಕಟಿಂಗ್ ಶಾಪು ಮೇಡಂ, ಇದು ಕ್ಲಿನಿಕ್” ಎಂದರು.

ಇಷ್ಟಾದರೂ ಕಟ್ಟಿದ ಹಣವಿದೆಯಲ್ಲ ಎಂದು ಶಾಖಕ್ಕಾದರೂ ಹೋಗುತ್ತಿದ್ದೆ. ಮೋಸದ ಬುಡ ಸಿಕ್ಕಿದ್ದು ಹಾಗೆ ಹೋಗಿ ಪರದೆಯ ಹಿಂದೆ ಮಲಗಿದ್ದಾಗಲೇ. ಪಕ್ಕದಲ್ಲಿ ಹೊಸದಾಗಿ ಬಂದ ಹೆಂಗಸೊಬ್ಬರ ದನಿ ಕೇಳಿಸುತ್ತಿತ್ತು. ಅವರು ಯಾವುದೋ ಘಟಕದಲ್ಲಿ ಜಿಪ್ ಹೊಲಿಯುವವರು, ಎರಡೂ ಭುಜ ಹಿಡಿದುಕೊಂಡಿವೆ ಎನ್ನುತ್ತಿದ್ದರು. ಅವರ ಮಾತು ಮುಗಿಯುವ ಮೊದಲೇ ಬಿಳಿ ಕೋಟಿನವರ ದನಿ ಶುರುವಾಯಿತು: ಸಿ-5 ಸಿ-6 ನಡುವೆ ಗ್ಯಾಪ್ ಹೋಗಿಬಿಟ್ಟೈತಿ. ನರ ಸಿಕ್ಕಾಕ್ಕೊಂಡೈತಿ. ಈಗ ಬಂದಿದ್ದು ಪುಣ್ಯ. ಇನ್ನಾರು ತಿಂಗಳು ಬಿಟ್ಟಿದ್ರೆ ಕೈ ಬಿದ್ದೇ ಹೋಗ್ತಿತ್ತು. ಅದೇ ಪದಗಳು, ಅದೇ ಕ್ರಮ, ‘ಪುಣ್ಯ’ ಎನ್ನುವಾಗ ಅದೇ ರಾಗ. ಆ ಹೆಂಗಸು ಮೆಲ್ಲಗೆ, “ಸಾರ್, ನಾ ಇನ್ನೂ ಎಕ್ಸ್‌ರೇ ತೆಗೆಸೇ ಇಲ್ಲ” ಎಂದರು. ಒಂದು ಕ್ಷಣ ಸುಮ್ಮನಾಗಿ ಅವರು ಕೊಟ್ಟ ಉತ್ತರ: “ತೆಗೆಸೋದು ಬ್ಯಾಡಮ್ಮ, ನಂಗೆ ಮುಖ ನೋಡಿದ್ರೆ ಗೊತ್ತಾಗ್ತದೆ.”

ನನ್ನ ಮೈಯೆಲ್ಲ ಉರಿದುಹೋಯಿತು. ನನಗೆ ರಾತ್ರಿಗಳ ನಿದ್ದೆ ಕೆಡಿಸಿದ ರೋಗನಿರ್ಣಯ, ನಮ್ಮ ಮನೆಯವರ ಹತ್ತಿರ ಹೇಳಿಕೊಂಡು ಅತ್ತ ರೋಗನಿರ್ಣಯ, ಅವರು ಬಾಗಿಲಿಗೆ ಬಂದವರಿಗೆಲ್ಲ ಹೇಳುವ ಬಾಯಿಪಾಠವಾಗಿತ್ತು. ನನ್ನ ಎಕ್ಸ್‌ರೇಯನ್ನು ಅವರು ಟ್ಯೂಬ್‌ಲೈಟಿಗೆ ಹಿಡಿದಿದ್ದರೇ ಹೊರತು ನೋಡಿರಲೇ ಇಲ್ಲ. ಎದ್ದು ಪರದೆ ಸರಿಸಿ, ಅಮ್ಮಾ ಹಣ ಕಟ್ಟಬೇಡಿ ಎಂದು ಹೇಳಿದೆ. ಬಿಳಿ ಕೋಟಿನವರು ಕಾಯುತ್ತಿದ್ದವರೆಲ್ಲರ ಮುಂದೆ, “ಇವರಿಗೆ ಟೆನ್ಶನ್ ಜಾಸ್ತಿ, ನರದ ಪ್ರಾಬ್ಲಮ್ ಇದ್ದೋರು ಹಿಂಗೇ ಮಾತಾಡ್ತಾರೆ” ಎಂದರು. ಕೆಲವರು ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು. ಆ ಅವಮಾನ ಇನ್ನೂ ಆರಿಲ್ಲ. ಆ ಹೆಂಗಸು ಮಾತ್ರ ಚೀಲ ತೆಗೆದುಕೊಂಡು ಹೊರಟರು.

ಉಳಿದ ಸಿಟ್ಟಿಂಗುಗಳ ಹಣ ವಾಪಸ್ ಕೊಡಿ ಎಂದು ವಾಟ್ಸಾಪಿನಲ್ಲಿ ಕೇಳಿದೆ. ಮೊದಲು, ಪ್ಯಾಕೇಜ್ ಹಣ ವಾಪಸ್ ಕೊಡುವ ಪದ್ಧತಿ ಇಲ್ಲ ಎಂದರು. ಆಮೇಲೆ, ನಿಮ್ಮ ಬದಲು ಮನೆಯವರನ್ನು ಕಳಿಸಿ, ಅವರಿಗೆ ಬೆನ್ನಿಗೆ ಮಾಡುತ್ತೇವೆ ಎಂದರು. ಬೆನ್ನು ನೋವಿಲ್ಲದವರಿಗೆ ಚಿಕಿತ್ಸೆಯಂತೆ! ಚಿಕಿತ್ಸೆ ಕೊಡುವವರ ಪದವಿ ಮತ್ತು ನೋಂದಣಿ ಸಂಖ್ಯೆ ಕೇಳಿದ ಮೇಲೆ, “ನೀವು ಓದಿದವರು, ಹಿಂಗೆಲ್ಲ ಮಾತಾಡಬಾರದು” ಎಂಬ ಒಂದು ಸಾಲು ಬಂತು. ಆಮೇಲೆ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದರು.

ಈಗ ಊರಿನ ಸರಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ತೋರಿಸಿಕೊಳ್ಳುತ್ತಿದ್ದೇನೆ. ಅಲ್ಲಿಯ ಮೇಡಂ ಮೊದಲ ದಿನ ತೀಡಲೂ ಇಲ್ಲ, ಕರೆಂಟೂ ಕೊಡಲಿಲ್ಲ. ಕುತ್ತಿಗೆಯನ್ನು ಎಲ್ಲ ದಿಕ್ಕಿಗೂ ತಿರುಗಿಸಲು ಹೇಳಿ ನೋಡಿದರು, ಬೆರಳುಗಳ ಸ್ಪರ್ಶ ಪರೀಕ್ಷಿಸಿದರು, ಮೊಣಕೈಗೆ ಸುತ್ತಿಗೆಯಿಂದ ತಟ್ಟಿದರು, ತಮ್ಮ ಕೈಯನ್ನು ಬಿಗಿಯಾಗಿ ಹಿಡಿಯಲು ಹೇಳಿದರು. ಎಕ್ಸ್‌ರೇ ನೋಡಿ, ನಲವತ್ತು ದಾಟಿದವರಲ್ಲಿ ನೋವೇ ಇಲ್ಲದವರಿಗೂ ಇಂಥ ಸವೆತ ಸಾಮಾನ್ಯವಾಗಿ ಕಾಣುತ್ತದೆ, ಅದನ್ನೇ ಕಾಯಿಲೆ ಎನ್ನಲಾಗದು ಎಂದರು. ಗದ್ದವನ್ನು ನೇರವಾಗಿ ಹಿಂದಕ್ಕೆ ಎಳೆದು ಹಿಡಿಯುವುದು, ಹಣೆಗೆ ಅಂಗೈ ಒತ್ತಿ ತಲೆಯನ್ನು ಅಲುಗಾಡಿಸದೆ ಎದುರು ಒತ್ತುವುದು, ಎರಡೂ ಹೆಗಲ ಮೂಳೆಗಳನ್ನು ಹಿಂದಕ್ಕೆ ಸೇರಿಸುವುದು, ಇವೇ ವ್ಯಾಯಾಮಗಳು. ಎರಡನೇ ಪ್ಯಾಕೇಜಿಗೆಂದು ಬಚ್ಚಿಟ್ಟಿದ್ದು ಇಷ್ಟನ್ನೇ. ಕಂಪ್ಯೂಟರ್ ಪರದೆಯನ್ನು ಕಣ್ಣಿನ ಎತ್ತರಕ್ಕೆ ಏರಿಸಿಕೊಂಡಿದ್ದೇನೆ, ಅರ್ಧ ಗಂಟೆಗೊಮ್ಮೆ ಏಳುತ್ತೇನೆ. ಬೆರಳಿನ ಜುಮುಗುಡುವಿಕೆ ಬಹಳ ಮಟ್ಟಿಗೆ ಇಳಿದಿದೆ.

ಹೋಗುವವರು ಇಷ್ಟನ್ನು ನೋಡಿಕೊಳ್ಳಿ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ಫಿಸಿಯೋಥೆರಪಿ ಕೇಂದ್ರವೂ ನೋಂದಣಿ ಮಾಡಿಸಲೇಬೇಕು, ನೋಂದಣಿ ಪತ್ರ ಮತ್ತು ದರಪಟ್ಟಿ ಎದುರಿಗೇ ತೂಗುಹಾಕಿರಬೇಕು. ಅದಿಲ್ಲದ ಕಡೆ ಕೂರಲೇಬೇಡಿ. ಮುಟ್ಟಿ ಪರೀಕ್ಷಿಸದೆ ಪ್ಯಾಕೇಜ್ ಹೇಳುವವರಿಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ಕುತ್ತಿಗೆಯನ್ನು ಲಟಕ್ಕೆನಿಸಲು ಯಾರಿಗೂ, ಯಾರಿಗೂ ಬಿಡಬೇಡಿ. ತಿರುಗಿಸಿದ ಮೇಲೆ ತೀವ್ರ ತಲೆನೋವು, ತಲೆಸುತ್ತು, ಮಾತು ತೊದಲುವುದು, ಒಂದು ಪಕ್ಕ ಬಲ ಕುಂದುವುದು ಕಂಡರೆ ಕೇಂದ್ರದವರ ಉತ್ತರಕ್ಕೆ ಕಾಯದೆ 108ಕ್ಕೆ ಕರೆಮಾಡಿ. ಕೈಯಿಂದ ವಸ್ತು ಜಾರಿ ಬೀಳುವುದು, ನಡಿಗೆ ತಪ್ಪುವುದು, ಮೂತ್ರದ ಹಿಡಿತ ಹೋಗುವುದು ಇದ್ದವರು ತೀಡಿಸಿಕೊಳ್ಳಲು ಹೋಗದೆ ಮೊದಲು ವೈದ್ಯರನ್ನು ಕಾಣಬೇಕು.

ಬಿಲ್ ಕೊಡದಿರುವುದು, ಸೇವೆ ಸರಿಯಿಲ್ಲದಿದ್ದರೂ ಹಣ ಹಿಂತಿರುಗಿಸದಿರುವುದು, ಎರಡೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೇ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಸಹಾಯವಾಣಿ 1915ಕ್ಕೆ ಕರೆಮಾಡಿ ಕೇಳಬಹುದು. ನಾನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೂ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ.

ನನ್ನ ಹಣ ಇನ್ನೂ ಬಂದಿಲ್ಲ. ಅವರೀಗ ಜೀನ್ಸ್ ಘಟಕಗಳ ಗೇಟಿನ ಹತ್ತಿರ ‘ಉಚಿತ ಕುತ್ತಿಗೆ ನೋವು ತಪಾಸಣೆ’ ಎಂದು ಕರಪತ್ರ ಹಂಚುತ್ತಿದ್ದಾರೆ, ಇದನ್ನು ಇವತ್ತೇ ಬರೆಯಲು ಅದೇ ಕಾರಣ. ಅವರಲ್ಲಿ ಈಗಾಗಲೇ ಹಣ ಕಟ್ಟಿರುವವರು ಆ ಗುಲಾಬಿ ಚೀಟಿಯನ್ನು ಎಸೆಯಬೇಡಿ, ವಾಟ್ಸಾಪ್ ಮಾತುಕತೆಯನ್ನು ಅಳಿಸಬೇಡಿ, ಫೋನ್‌ಪೇ ದಾಖಲೆಯನ್ನು ತೆಗೆದಿಟ್ಟುಕೊಳ್ಳಿ, ಆರೋಗ್ಯಾಧಿಕಾರಿಗಳ ಕಚೇರಿಗೆ ನೀವೂ ಬರೆದುಕೊಡಿ. ಒಬ್ಬಳೇ ಕೊಟ್ಟ ದೂರನ್ನು ಟೆನ್ಶನ್ ಇರುವವಳ ಮಾತು ಎಂದು ತಳ್ಳಿಹಾಕುತ್ತಾರೆ, ಹತ್ತು ಜನ ಕೊಟ್ಟದ್ದನ್ನು ಹಾಗೆ ತಳ್ಳಿಹಾಕಲಾರರು.