ತೊಟ್ಟುಬಿಟ್ಟ ಸ್ವೆಟ್‌ಶರ್ಟಿನ ಮೇಲೆ 1990ರ ಜರ್ಮನಿ: ಅಚ್ಚಿಗಿಂತ ಮೊದಲು ಬಟ್ಟೆ ನೋಡಿ

1990ರಲ್ಲಿ ರೋಮ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ಗೆದ್ದಾಗ ಪಶ್ಚಿಮ ಜರ್ಮನಿ ತಂಡ ತೊಟ್ಟಿದ್ದ ಬಿಳಿ ಅಂಗಿ ನೆನಪಿದೆಯಲ್ಲ? ಎದೆಗೆ ಅಡ್ಡಲಾಗಿ ಕಪ್ಪು, ಕೆಂಪು, ಹಳದಿ ಪಟ್ಟಿ ಅಂಕುಡೊಂಕಾಗಿ ಸಾಗುವ, ಇನಾ ಫ್ರಾಂಜ್‌ಮನ್ ವಿನ್ಯಾಸದ ಅಂಗಿ. ಯಾರೋ ತೊಟ್ಟುಬಿಟ್ಟ ಬೂದು ಸ್ವೆಟ್‌ಶರ್ಟನ್ನೋ ಪೋಲೊ ಅಂಗಿಯನ್ನೋ ತಂದು, ಅದರ ಮೇಲೆ ಅಂಥ ಪಟ್ಟಿಯನ್ನು ಕೈಯಲ್ಲೇ ಸ್ಕ್ರೀನ್ ಪ್ರಿಂಟ್ ಮಾಡಿ (ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ಇಂಕ್ ಒತ್ತಿ) ಮಾರುವ ಸಣ್ಣ ತಯಾರಕರು ಬ್ರಿಟನ್ನಿನಲ್ಲೂ ಯುರೋಪಿನಲ್ಲೂ ಇದ್ದಾರೆ. ಇದು ಹಳೆ ಜರ್ಸಿಯ ನಕಲಲ್ಲ. ತಂಡದ ಲಾಂಛನವಾಗಲಿ, ತೋಳಿನ ಮೇಲಿನ ಅಡಿಡಾಸ್ ಕಂಪನಿಯ ಮೂರು ಗೆರೆಗಳಾಗಲಿ ಇರುವುದಿಲ್ಲ, ಇರಲೂಬಾರದು: ಅವು ನೋಂದಾಯಿತ ಟ್ರೇಡ್‌ಮಾರ್ಕ್‌ಗಳು. ಉಳಿಯುವುದು ಬಣ್ಣ, ಆಕಾರ, ನೆನಪು ಮಾತ್ರ. ಲಾಂಛನವನ್ನೂ ಸೇರಿಸಿ ಮಾರುವವರಿಂದ ದೂರವಿರುವುದೇ ಲೇಸು.

ಎಲ್ಲ ಹಳೆ ಜರ್ಸಿಗಳೂ ಕೈ ಅಚ್ಚಿಗೆ ಒಗ್ಗುವುದಿಲ್ಲ. ಜರ್ಮನಿಯ ಪಟ್ಟಿ, ಕ್ರೊಯೇಷಿಯಾದ ಕೆಂಪು-ಬಿಳಿ ಚೌಕುಳಿ, ಪೆರುವಿನ ಓರೆ ಕೆಂಪು ಪಟ್ಟಿ ಇವೆಲ್ಲ ಚಪ್ಪಟೆ ಬಣ್ಣಗಳು. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್ ಎಂದರೆ ಕೆಲಸ ಮುಗಿಯಿತು. 1988ರ ಯುರೋ ಫುಟ್‌ಬಾಲ್ ಟೂರ್ನಿ ಗೆದ್ದ ನೆದರ್‌ಲೆಂಡ್ಸ್‌ನ ಕಿತ್ತಳೆ ಅಂಗಿಯದು ಬೇರೆ ಕಥೆ. ಅದರ ಕೋನಾಕೃತಿಗಳು ತೆಳುವಿನಿಂದ ಗಾಢಕ್ಕೆ ಜಾರುತ್ತವೆ. ಆ ಜಾರುವಿಕೆ ತರಲು ಹಾಫ್‌ಟೋನ್ ಚುಕ್ಕಿಗಳೇ ಬೇಕು, ಅಂದರೆ ದೂರದಿಂದ ಛಾಯೆಯಾಗಿ ಕಾಣುವ ಹಿರಿಕಿರಿ ಚುಕ್ಕಿಗಳು. ಇಂಚಿಗೆ ಎಷ್ಟು ಸಾಲು ಚುಕ್ಕಿಯೋ ಮೆಶ್, ಅಂದರೆ ಸ್ಕ್ರೀನ್ ಜಾಲರಿಯ ಎಳೆ, ಇಂಚಿಗೆ ಅದರ ನಾಲ್ಕೈದು ಪಟ್ಟು ಬೇಕೆಂಬುದು ಪ್ರಿಂಟರ್‌ಗಳ ಲೆಕ್ಕ. ಬಟ್ಟೆಗೆ ಸಾಮಾನ್ಯವಾಗಿ ಬಳಸುವ 43ಟಿ (ಸೆಂಟಿಮೀಟರಿಗೆ 43 ಎಳೆ) ಮೆಶ್‌ನಲ್ಲಿ ಇಂಚಿಗೆ ಸುಮಾರು 110 ಎಳೆ. ಅಲ್ಲಿ 25 ಸಾಲು ಮೀರಿದರೆ ಚುಕ್ಕಿಗಳು ಕೂಡಿಕೊಳ್ಳುತ್ತವೆ. 77ಟಿಗೆ ಹೋದರೆ 45 ಸಾಲಿನವರೆಗೆ ಸಿಗುತ್ತದೆ. ಆದರೆ ನಯವಾದ ಟಿ-ಶರ್ಟಿನ ಮೇಲೆ ನಿಲ್ಲುವ ಆ ಸಣ್ಣ ಚುಕ್ಕಿ, ಜುಂಗು ಎದ್ದ ಸ್ವೆಟ್‌ಶರ್ಟಿನ ಮೇಲೆ ಕಾಣೆಯಾಗುತ್ತದೆ. ಸೂಕ್ಷ್ಮತೆಯ ಆಸೆ ಬಿಟ್ಟು ದಪ್ಪ ಚುಕ್ಕಿಯನ್ನೇ ಅಂದವಾಗಿಸಿಕೊಂಡ ಉಡುಪುಗಳೇ ಚೆನ್ನಾಗಿರುತ್ತವೆ. 1998ರ ಮೆಕ್ಸಿಕೊ ಜರ್ಸಿಯ ಆಜ್ಟೆಕ್ ಸೂರ್ಯಶಿಲೆಯನ್ನು ಅಂಗೈಯಗಲಕ್ಕೆ ಕುಗ್ಗಿಸಿದವರನ್ನು ಕ್ಷಮಿಸಲಾಗದು; ಎದೆ ತುಂಬ ಹರಡಿದರೆ ಮಾತ್ರ ಅದಕ್ಕೆ ಅರ್ಥ. ಇನ್ನು ಪೆಲೆಗೆ ಪ್ರತಿಮೆ ನಿಲ್ಲಿಸಿರುವ ಬೆಂಗಳೂರಿನ ಗೌತಮಪುರದವರು ಬೇಸರಪಟ್ಟುಕೊಳ್ಳಬಾರದು: 1970ರ ಬ್ರೆಜಿಲ್ ಅಂಗಿಯಲ್ಲಿ ಅಚ್ಚೊತ್ತಲು ಏನೂ ಇಲ್ಲ. ಹಳದಿ ಮೈ, ಹಸಿರು ಕತ್ತು, ಅಷ್ಟೇ.

ಈ ಉಡುಪುಗಳ ಗುಣ ತೀರ್ಮಾನವಾಗುವುದು ಹೆಚ್ಚಾಗಿ ಸ್ಕ್ರೀನ್ ಇಳಿಯುವ ಮೊದಲೇ. ಹಳೆ ಬಟ್ಟೆಗೆ ಒಂದು ದೊಡ್ಡ ಅನುಕೂಲವಿದೆ: ಕುಗ್ಗುವಷ್ಟು ಅದು ಆಗಲೇ ಕುಗ್ಗಿದೆ, ಹಾಗಾಗಿ ಅಚ್ಚು ಮುದುಡುವ ಭಯ ಕಡಿಮೆ. ಅನಾನುಕೂಲಗಳು ಮಾತ್ರ ಸಾಲು ಸಾಲು. ವರ್ಷಗಟ್ಟಲೆ ಫ್ಯಾಬ್ರಿಕ್ ಸಾಫ್ಟ್‌ನರ್ ಕುಡಿದ ಬಟ್ಟೆಯ ಎಳೆಗಳ ಮೇಲೆ ಜಿಡ್ಡಿನ ಪದರ ಕೂತಿರುತ್ತದೆ. ಇಂಕ್ ಎಳೆಯನ್ನು ಕಚ್ಚದೆ ಮೇಲೇ ನಿಂತು, ನಾಲ್ಕನೇ ಒಗೆತಕ್ಕೆ ಸಿಪ್ಪೆಯಂತೆ ಬಿಡುತ್ತದೆ. ಅಚ್ಚಿಗೆ ಮುಂಚೆ ಸಾಫ್ಟ್‌ನರ್ ಇಲ್ಲದೆ ಬಿಸಿನೀರಿನಲ್ಲಿ ಒಗೆದಿದ್ದೀರಾ ಎಂದು ಮಾರುವವರನ್ನು ಕೇಳಿ. ಜುಂಗನ್ನು ಶೇವರ್‌ನಿಂದ ತೆಗೆದಿದ್ದಾರೆಯೇ ಎಂಬುದು ಎರಡನೇ ಪ್ರಶ್ನೆ. ಜುಂಗಿನ ಮೇಲೆ ಬಿದ್ದ ಬಣ್ಣ ಜುಂಗಿನೊಂದಿಗೇ ಉದುರಿ, ಅಡಿಯ ಬಟ್ಟೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ.

ಇನ್ನೊಂದು ತೊಡಕು ತಿರುಚು. ಹೆಣೆದ ಬಟ್ಟೆಯ ಟಿ-ಶರ್ಟ್ ಒಗೆದು ಒಗೆದು ತಿರುಚಿಕೊಂಡು, ಪಕ್ಕದ ಹೊಲಿಗೆ ಹೊಟ್ಟೆಯತ್ತ ಬಂದಿರುತ್ತದೆ. ಅಂಥದ್ದರ ಮೇಲೆ ಕೆಳ ಅಂಚನ್ನು ನೋಡಿ ಪಟ್ಟಿ ಎಳೆದರೆ, ಮೈಮೇಲೆ ಹಾಕಿದಾಗ ಅದು ಒಂದು ಕಡೆ ಇಳಿಜಾರು. ಬಲ್ಲವರು ಎರಡು ಕಂಕುಳ ಹೊಲಿಗೆಗಳನ್ನು ಸೇರಿಸುವ ರೇಖೆಯನ್ನೇ ಆಧಾರವಾಗಿ ಹಿಡಿದು, ಭುಜದ ಹೊಲಿಗೆಗಳನ್ನು ಜೋಡಿಸಿ ಮಡಚಿ ನಡುಮಧ್ಯ ಗುರುತಿಸುತ್ತಾರೆ. ಫೋಟೊದಲ್ಲಿ ಕಂಕುಳಿಂದ ಪಟ್ಟಿಗೆ ಎರಡೂ ಕಡೆ ಒಂದೇ ಅಂತರವಿದೆಯೇ ನೋಡಿದರೆ ತಿಳಿಯುತ್ತದೆ.

ಮೂರು ಬಣ್ಣದ ಪಟ್ಟಿಯಲ್ಲಿ ಹಳದಿ ಮೊದಲು, ಕೆಂಪು ಆಮೇಲೆ, ಕಪ್ಪು ಕೊನೆಗೆ. ತಿಳಿ ಬಣ್ಣದ ಅಂಚಿನ ಮೇಲೆ ಗಾಢ ಬಣ್ಣ ಅರ್ಧದಿಂದ ಒಂದು ಮಿಲಿಮೀಟರ್ ಹತ್ತಿ ಕೂತರೆ ನಡುವೆ ಬಿರುಕು ಕಾಣುವುದಿಲ್ಲ. ಕೈಕೆಲಸದಲ್ಲಿ ಕೂದಲೆಳೆಯಷ್ಟು ಅಡಿಯ ಬಟ್ಟೆ ಇಣುಕುವುದು ಸಹಜ, ಅದನ್ನು ದೋಷವೆನ್ನಬೇಕಿಲ್ಲ. ಎರಡು ಮಿಲಿಮೀಟರ್ ಇಣುಕಿದರೆ ಮಾತ್ರ ಕೈಕೆಲಸದ ಹೆಸರಲ್ಲಿ ಸೋಮಾರಿತನ ಮಾರುತ್ತಿದ್ದಾರೆ ಎಂದೇ ಅರ್ಥ. ಪೋಲೊ ಅಂಗಿಯಲ್ಲಿ ಗುಂಡಿಪಟ್ಟಿಯ ಹೊಲಿಗೆ ಏಣಿನ ಪಕ್ಕ ಇಂಕ್ ಮಡುಗಟ್ಟುತ್ತದೆ. ಅಚ್ಚು ಅದರ ಕೆಳಗೇ ಮುಗಿದಿದ್ದರೆ ಒಳ್ಳೆಯದು.

ಇಂಕ್‌ನ ವಿಷಯದಲ್ಲಿ ನಮ್ಮ ಒಲವು ನೀರಿನ ಇಂಕ್ ಕಡೆಗೇ. ಅದು ಎಳೆಯೊಳಗೆ ಇಳಿದು, ಸವರಿದರೆ ಬಟ್ಟೆಯೇ ಸಿಗುತ್ತದೆ. ಆದರೆ ಅದು ಪಾರದರ್ಶಕ: ಕಡುನೀಲಿ ಸ್ವೆಟ್‌ಶರ್ಟಿನ ಮೇಲೆ ಕಿತ್ತಳೆ ನೇರವಾಗಿ ಎಳೆದರೆ ಕೆಸರಿನ ಬಣ್ಣ ಬರುತ್ತದೆ. ಅಡಿಗೆ ಬಿಳಿ ಪದರ ಹಾಕಿ, ಒಣಗಿಸಿ, ಮೇಲೆ ಬಣ್ಣ ಕೊಡಬೇಕು. ಪ್ಲಾಸ್ಟಿಸಾಲ್ ಎಂಬ ಪ್ಲಾಸ್ಟಿಕ್ ಇಂಕ್ ಗಾಢ ಬಟ್ಟೆಯನ್ನು ಚೆನ್ನಾಗಿ ಮುಚ್ಚುತ್ತದೆ, ಜೊತೆಗೆ ಎದೆಯ ಮೇಲೆ ರಬ್ಬರ್ ಹಾಳೆ ಅಂಟಿಸಿದಂತೆ ಬೆವರಿಸುತ್ತದೆ. ಅದರ ಪದರ ಪೂರ್ತಿ ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಹಸಿಯಾಗೇ ಉಳಿದು, ಮೆಲ್ಲಗೆ ಎಳೆದರೂ ಬಿರುಕು ಬಿಡುತ್ತದೆ. ನೀರಿನ ಇಂಕ್ ಪರೀಕ್ಷೆಗೆ ಒದ್ದೆ ಬಿಳಿ ಬಟ್ಟೆ ಸಾಕು: ಹತ್ತು ಸಲ ಉಜ್ಜಿ, ಬಣ್ಣ ಢಾಳಾಗಿ ಹತ್ತಿದರೆ ಶಾಖ ಸಾಲಲಿಲ್ಲ.

ಪಾಲಿಯೆಸ್ಟರ್ ಟ್ರ್ಯಾಕ್ ಜಾಕೆಟ್‌ಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಎಂಬತ್ತರ ದಶಕದ ಹೊಳಪು ಬೇಕೆಂಬ ಆಸೆಗೆ ತಯಾರಕರು ಇವನ್ನು ಹುಡುಕುತ್ತಾರೆ, ಗಿರಾಕಿಗಳೂ ಮುಗಿಬೀಳುತ್ತಾರೆ. ಪಾಲಿಯೆಸ್ಟರಿಗೆ ಹಾಕಿದ ಬಣ್ಣ ಹೆಚ್ಚು ಶಾಖಕ್ಕೆ ಆವಿಯಾಗಿ ಮೇಲಿನ ಇಂಕ್‌ಗೆ ಸೇರುತ್ತದೆ. ಕೆಂಪು ಜಾಕೆಟ್ ಮೇಲಿನ ಬಿಳಿ ಸಂಖ್ಯೆ ಗುಲಾಬಿಯಾಗುವುದು ಹೀಗೆ. ಕಡಿಮೆ ಶಾಖಕ್ಕೆ ಗಟ್ಟಿಯಾಗುವ ಇಂಕ್, ಅಡಿಗೆ ಬಣ್ಣ ತಡೆಯುವ ಪದರ ಎರಡೂ ಇದ್ದರೆ ತಪ್ಪಿಸಬಹುದು. ಅರ್ಧ ಹತ್ತಿ, ಅರ್ಧ ಪಾಲಿಯೆಸ್ಟರ್ ಬಟ್ಟೆಗೂ ಈ ಕಾಟ ತಪ್ಪಿದ್ದಲ್ಲ. ಸ್ವೆಟ್‌ಶರ್ಟ್ ಆರಿಸುವಾಗ ನೂರಕ್ಕೆ ಎಂಬತ್ತು ಭಾಗಕ್ಕಿಂತ ಹೆಚ್ಚು ಹತ್ತಿಯದ್ದಕ್ಕೆ ಒಂದಿಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಒಳಗಿನ ಲೇಬಲ್ ಕಿತ್ತುಹೋಗಿದ್ದರೆ, ಬಟ್ಟೆ ಯಾವುದೆಂದು ತಯಾರಕರಿಗೂ ಊಹೆಯೇ.

ಅಳತೆಗೆ ಲೇಬಲ್ಲಿನ ಅಕ್ಷರ ನಂಬಬೇಡಿ. ಹಳೆಯ ಎಲ್ ಇಂದಿನ ಎಂ ಆಗಿರಬಹುದು. ಹಾಸಿಟ್ಟು ಕಂಕುಳಿಂದ ಕಂಕುಳಿಗೆ ಅಳೆದ ಸೆಂಟಿಮೀಟರ್ ಕೇಳಿ: 56 ಬಂದರೆ ಸುತ್ತಳತೆ 112. ಎದೆ 100 ಇರುವವರಿಗೆ ಸ್ವೆಟ್‌ಶರ್ಟ್ ಅಷ್ಟು ಸಡಿಲವಿದ್ದರೆ ಹಿತ. ಕಂಕುಳಲ್ಲಿ ಡಿಯೋಡರೆಂಟಿನ ಗಟ್ಟಿ ಹಳದಿ ಕಲೆ ಇಲ್ಲವೆಂಬುದಕ್ಕೂ ಫೋಟೊ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ.

ಬಂದ ಮೇಲೆ ಒಂದು ವಾರ ಒಗೆಯದೆ ಇಡಿ, ಇಸ್ತ್ರಿಯ ಶಾಖದಲ್ಲಷ್ಟೇ ಗಟ್ಟಿಯಾದ ನೀರಿನ ಇಂಕ್ ಇನ್ನಷ್ಟು ಕೂರುತ್ತದೆ. ಪಾಲಿಯೆಸ್ಟರಿನದಾದರೆ ಆ ವಾರ ಇನ್ನೊಂದು ಕಾರಣಕ್ಕೂ ಬೇಕು: ಬಟ್ಟೆಯ ಬಣ್ಣ ಇಂಕ್‌ಗೆ ಹತ್ತುವುದು ಪ್ಯಾಕ್ ಮಾಡಿದ ಮೇಲೂ ದಿನಗಟ್ಟಲೆ ನಡೆಯಬಹುದು, ಹಿಂತಿರುಗಿಸುವ ಗಡುವು ಮುಗಿಯುವ ಮುನ್ನ ಹಗಲು ಬೆಳಕಲ್ಲಿ ಮತ್ತೊಮ್ಮೆ ನೋಡಿ. ಆಮೇಲೆ ಒಳಮೈ ಹೊರಗೆ ಮಾಡಿ, 30 ಡಿಗ್ರಿ ನೀರು, ನೆರಳಲ್ಲಿ ಒಣಗುವಿಕೆ, ಇಸ್ತ್ರಿ ಒಳಗಿನಿಂದ. ಒಗೆಯುವ ಕಲ್ಲಿಗೂ ಬ್ರಷ್ಷಿಗೂ ಇದನ್ನು ತೋರಿಸಲೇಬೇಡಿ.